ಬಾಣಂತಿ ಕೋಣೆಯ ಬಾಗಿಲು ಹೊರಕ್ಕೆ ತೆರೆಯಲಿ

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳೆಂದರೆ ನಮ್ಮ ಕಡೆ ಎಲ್ಲರಿಗೂ ಗಾಳಿಯ ಭಯ ಹಿಡಿಯುತ್ತದೆ. ಗಾಳಿ ಸೋಕಬಾರದು, ಥಂಡಿ ತಾಕಬಾರದು ಎಂದು ಮನೆಯಲ್ಲಿನ ಅತಿ ಸಣ್ಣ, ಅತಿ ಕತ್ತಲೆಯ ಕೋಣೆಯನ್ನು ಹುಡುಕುತ್ತೇವೆ. ಅಲ್ಲಿರುವ ಒಂದೇ ಕಿಟಕಿಗೆ ಜೋಳದ ಚೀಲ ಅಡ್ಡ ಒಟ್ಟುತ್ತೇವೆ. ಕೆಂಡದ ಶೇಗಡಿ ಇಟ್ಟು, ಬಾಗಿಲು ಮುಚ್ಚಿ, ಇನ್ನು ಮಗಳಿಗೆ ಭಯವಿಲ್ಲ ಎಂದು ಸಮಾಧಾನಪಡುತ್ತೇವೆ.

ಕೌಜಲಗಿಯಲ್ಲಿ ನನ್ನ ನೆರೆಮನೆಯ ಕಾಡವ್ವನೂ ಹಾಗೆಯೇ ಮಾಡಿದ್ದಳು. ಅವಳ ಮಗಳು ಕರೆವ್ವ ಮಸಗುಪ್ಪಿಯ ಗಂಡನ ಮನೆಯಿಂದ ಬಂದಿದ್ದಳು. ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು.

ಒಂದು ಮುಂಜಾನೆ ಸೂಲಗಿತ್ತಿ ಪದ್ಮವ್ವ ಕೋಣೆ ನೋಡಲು ಬಂದಳು. ಪದ್ಮವ್ವ ನಮ್ಮ ಊರಿನವಳೇ. ಗೋಕಾಕದ ದವಾಖಾನೆಯಲ್ಲಿ ಕೆಲವು ತಿಂಗಳು ಇದ್ದು ಹೆರಿಗೆಯ ಕೆಲಸ ಕಲಿತು ಬಂದಿದ್ದಳು. ಅವಳು ಬಾಗಿಲು ದೂಡಿದಳು. ಬಾಗಿಲು ಅರ್ಧ ಸರಿದು, ಎದುರಿನ ಚೀಲಗಳಿಗೆ ತಾಗಿ ನಿಂತಿತು. ಕೋಣೆ ಅಷ್ಟು ಇಕ್ಕಟ್ಟು.

“ಯಕ್ಕಾ, ಬಾಗಿಲಾ ಇಷ್ಟ ತೆರೀತೈತೇನ?”

“ಮನಶ್ಯಾ ಹಾಯೂವಷ್ಟ ತೆರೀತೈತಲ್ಲ, ಸಾಕ ಬಿಡ. ಇದರಾಗ ಚಕ್ಕಡಿ ಹೊಡಿಯೂದೈತೇನ?” ಎಂದಳು ಕಾಡವ್ವ.

“ಚಕ್ಕಡಿ ಬ್ಯಾಡ. ಆದ್ರ ಬಾಗಿಲಾ ಹೊರಗ ತೆರಿಯೂವಂಗ ಮಾಡಸ್ರಿ. ಕಿಡಕಿನೂ ಹಂಗ ಮಾಡಸ್ರಿ.”

“ಅಯ್ಯ ಶಿವನ! ಒಳಗ ತೆರದ್ರ ಲಕ್ಷ್ಮಿ ಒಳಗ ಬರ್ತಾಳ. ಹೊರಗ ತೆರದ್ರ ಹೊರಗ ಹೋಗ್ತಾಳ. ಇದೇನ ಹೊಸಾದ ಕಲತ ಬಂದಿ?”

“ಲಕ್ಷ್ಮಿ ಬಾಗಿಲಾ ಹಿಡದ ಜೋತಾಡಾಕ ಬರ್ತಾಳೇನ ಯಕ್ಕಾ? ಆಕಿ ನಡಕೋತ ಬರ್ತಾಳ. ಬಾಗಿಲಾ ಯಾವ ಕಡಿ ತೆರದ್ರೇನ ಆಕಿಗೆ?”

ಕರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೀ ಅಷ್ಟ ನಗಬ್ಯಾಡ, ಕೂಸ ಇಲ್ಲೇ ಹುಟ್ಟೀತ” ಎಂದು ತಾಯಿ ಗದರಿದಳು.

ಪದ್ಮವ್ವ ತಮಾಷೆ ಬಿಟ್ಟು ತಿಳಿಸಿ ಹೇಳಿದಳು. “ಮುಚ್ಚಿದ ಕ್ವಾಣ್ಯಾಗ ಕೆಂಡ ಇಟ್ರ ತಲಿ ತಿರಗತೈತಿ. ಮೊದಲ ಬಾಣಂತಿ ಮೈಯಾಗ ಶಕ್ತಿ ಇರೂದಿಲ್ಲ. ಯಾರನರ ಕರಿಯೂಣು ಅಂತ ಎದ್ದ ಬಾಗಿಲತನಾ ಬರ್ತಾಳ, ಅಲ್ಲೇ ಬೀಳ್ತಾಳ. ಹೊರಗಿನವ್ರ ದೂಡಿದ್ರ ಬಾಗಿಲಾ ಆಕಿ ಮ್ಯಾಲ ಬರ್ತೈತಿ. ಹೊರಗ ತೆರಿಯೂ ಬಾಗಿಲಾ ಇದ್ರ, ಜಗ್ಗಿದ್ರ ಸಾಕ, ಆಕಿ ನಿಮ್ಮ ಕೈಯಾಗ ಇರ್ತಾಳ.”

ಕಾಡವ್ವ ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿದಳು. “ಕಾಕಾ, ನೀವರ ಹೇಳ್ರಿ. ಇಂಥಾದ್ದ ಎಲ್ಲ್ಯರ ಆಗೇತೇನ?”

ಆಗಿದೆ ಎಂದೆ. ನನ್ನ ಮಗಳು ಬಾಳವ್ವ ಬಾಣಂತಿಯಾಗಿದ್ದಾಗ ಇಂಥದೇ ಕೋಣೆಯಲ್ಲಿ ಬಾಗಿಲಿನ ಹಿಂದೆಯೇ ಬಿದ್ದಿದ್ದಳು. ನಾವು ಮೂವರು ಗಂಡಸರು ಹೊರಗೆ ನಿಂತು ದೂಡಿದೆವು. ಎಷ್ಟು ಬಲ ಹಾಕಿದರೂ ಅದು ಅವಳ ಮೈಮೇಲೆಯೇ ಬೀಳುತ್ತಿತ್ತು. ಹಲಗೆ ಒಡೆದು ಒಳಗೆ ಹೋದಾಗ ಹೊತ್ತು ಮೀರಿತ್ತು. ಶಿವನು ಕರೆದುಕೊಂಡನೆಂದು ಎಲ್ಲರೂ ಸಮಾಧಾನ ಹೇಳಿದರು. ಶಿವನ ಮನಸ್ಸನ್ನು ನಾನು ಅರಿಯೆ. ಬಾಗಿಲು ತೆರೆಯಲಿಲ್ಲ ಎಂಬುದನ್ನು ಮಾತ್ರ ಬಲ್ಲೆ.

ಕಾಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಅವಳ ಮನಸ್ಸು ಹಿಂದೆಗೆಯಿತು. “ನಿಮ್ಮ ದುಃಖ ನನಗ ತಿಳೀತೈತಿ ಕಾಕಾ. ಆದ್ರ ಬಾಗಿಲಾ ತಿರುವಬೇಕಂದ್ರ ಹೊಸ್ತಿಲಾ ಕೀಳಸಬೇಕ, ಅದಕ್ಕ ಧೈರ್ಯಾ ಆಗವಲ್ದು. ಹೆರಿಗಿ ಮುಗೀಲಿ, ಆಮ್ಯಾಲ ನೋಡೂಣು.”

“ಹೆರಿಗಿ ಮುಗದ ಮ್ಯಾಲ ಬಾಗಿಲಾ ತಿರುವಿ ಏನ ಮಾಡ್ತಿ, ಜೋಳಕ್ಕ ಗಾಳಿ ಬಿಡ್ತಿಯೇನ?” ಎಂದು ಪದ್ಮವ್ವ ಸಿಟ್ಟಿನಿಂದಲೇ ಹೋದಳು.

ಎರಡು ದಿನ ಕಳೆದವು. ಮಧ್ಯಾಹ್ನದ ಹೊತ್ತು ಕಾಡವ್ವ ಆ ಕೋಣೆಯ ನೆಲ ಸಾರಿಸಿದಳು. ಬಾಣಂತಿ ಮಲಗಲೆಂದು ಇಟ್ಟಿದ್ದ ಹಗ್ಗದ ಹೊರಸನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದಳು. ಶೇಗಡಿಯ ಕೆಂಡದ ಮೇಲೆ ಲೋಬಾನ ಹಾಕಿದಳು. ಹೊಗೆ ಮೂಲೆಮೂಲೆಗೂ ಹಿಡಿಯಲಿ ಎಂದು ಒಳಗಿನಿಂದ ಬಾಗಿಲು ಮುಚ್ಚಿಕೊಂಡಳು. ಅಷ್ಟರಲ್ಲಿ ಹೊರಸು ಹಸಿ ನೆಲದಲ್ಲಿ ಜಾರಿ ಅಡ್ಡ ಬಿತ್ತು. ಅದರ ಒಂದು ತುದಿ ಬಾಗಿಲಿಗೆ, ಇನ್ನೊಂದು ತುದಿ ಜೋಳದ ಚೀಲಗಳಿಗೆ ಸಿಕ್ಕಿಕೊಂಡು, ಅವಳು ಎಷ್ಟು ಜಗ್ಗಿದರೂ ಕದಲಲಿಲ್ಲ.

“ಬಾಗಿಲಾ ತೆರೀರೋ!” ಎಂಬ ಕೂಗು ಕೇಳಿ ನಾನು ಓಡಿದೆ. ಅವಳ ಗಂಡ ಬೀರಸಿದ್ದಪ್ಪ ಊಟಕ್ಕೆ ಕುಳಿತಿದ್ದವನು ಎಂಜಲು ಕೈಯಲ್ಲೇ ಬಂದು ಬಾಗಿಲಿಗೆ ಹೆಗಲು ಕೊಟ್ಟ.

“ದೂಡಬ್ಯಾಡ್ರಿ! ಹೊರಸ ಅಡ್ಡ ಬಿದ್ದೈತಿ. ನೀವ ದೂಡಿದಷ್ಟೂ ಬಿಗಿ ಆಗಾಕತ್ತೈತಿ!”

“ಹಂಗಾರ ಕಿಡಕಿ ತೆಗಿ!”

“ಹೆಂಗ ತೆಗೀಲಿ? ಅದೂ ಒಳಗ ತೆರೀತೈತಿ. ಅದರ ಮುಂದ ಚೀಲಾ ಒಟ್ಟಿದವ್ರ ಯಾರ? ನೀವ!”

ಕರೆವ್ವ ಅಳುತ್ತ ತಾನೂ ಬಾಗಿಲು ದೂಡಲು ಬಂದಳು. ಅವಳನ್ನು ಹಿಡಿದು ಕೂರಿಸಿದೆ. ಬಡಿಗ ಹೊಳೆಪ್ಪ ಉಳಿ, ಸುತ್ತಿಗೆ ಹಿಡಿದು ಬಂದ. “ಬಾಗಿಲಾ ತಿರಗೂ ಗೂಟ ಒಳಗದಾವ. ಹೊರಗಿಂದ ಕಳಚಾಕ ಬರೂದಿಲ್ಲ. ಹಲಗಿ ಒಡೀಬೇಕ” ಎಂದ.

ಒಳಗಿನಿಂದ ಕೆಮ್ಮಿನ ನಡುವೆ ದನಿ ಬಂತು. “ಒಡಿಬ್ಯಾಡೋ ಹೊಳೆಪ್ಪಾ, ಸಾಗವಾನಿ ಐತಿ!”

“ಜೀವಾ ಹೋಗಾಕತ್ತೈತಿ, ಸಾಗವಾನಿ ಚಿಂತಿ ಮಾಡ್ತಾಳಿಕಿ!” ಎಂದು ಬೀರಸಿದ್ದಪ್ಪ ಕೂಗಿದ. ಅದಕ್ಕೆ ಉತ್ತರ ಬರಲಿಲ್ಲ. ಮತ್ತೆ ಕರೆದ. ಆಗಲೂ ಬರಲಿಲ್ಲ.

ಹೊಳೆಪ್ಪ ಏಟಿನ ಮೇಲೆ ಏಟು ಹಾಕಿದ. ಹಲಗೆ ಸೀಳಿತು, ಹೊಗೆ ನುಗ್ಗಿ ಬಂತು. ಅವನು ತೋಳು ಒಳಗೆ ಹಾಕಿ ಹೊರಸನ್ನು ಎತ್ತಿ ಸರಿಸಿದ. ಕಾಡವ್ವನನ್ನು ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದೆವು. ಮುಖಕ್ಕೆ ನೀರು ಚಿಮುಕಿಸಿದೆವು. ಆ ಸ್ವಲ್ಪ ಹೊತ್ತು ನಾನು ಶಿವನನ್ನು ಎಷ್ಟು ಬೇಡಿಕೊಂಡೆನೋ ಅವನಿಗೇ ಗೊತ್ತು. ಆಮೇಲೆ ಅವಳು ಕಣ್ಣು ತೆರೆದಳು.

ಸುದ್ದಿ ಕೇಳಿ ಬಂದಿದ್ದ ಪದ್ಮವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. “ಯಕ್ಕಾ, ಲಕ್ಷ್ಮಿ ಒಳಗ ಉಳದ್ಲೋ, ನಿನ್ನ ಕೂಡ ಹೊರಗ ಬಂದ್ಲೋ?”

“ಸುಮ್ಮನಿರ ಬೇ!” ಎಂದು ಕಾಡವ್ವ ಕೆಮ್ಮುತ್ತಲೇ ನಕ್ಕಳು. ನಗು ಅಳುವಾಯಿತು. “ನಾ ಗಟ್ಟಿ ಹೆಣ್ಮಗಳು. ನನಗ ಇಷ್ಟರಾಗ ಕಣ್ಣಿಗೆ ಕತ್ತಲಿ ಬಂತ. ಹಸಿ ಮೈಯಾಗ ನನ್ನ ಮಗಳ ಇದ್ದಿದ್ರ? ಹೊಳೆಪ್ಪಾ, ಆ ಚೌಕಟ್ಟ ಇವತ್ತ ಕೀಳ.”

“ಮತ್ತ ಹೊಸ್ತಿಲಾ?”

“ಹೊಸ್ತಿಲಕ್ಕ ನಾ ಕೈ ಮುಗೀತೇನಿ. ನೀ ಕೆಲಸಾ ಮಾಡ.”

ಅವಳು ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದಳು. ಹೊಳೆಪ್ಪ ಮಣ್ಣಿನ ಗೋಡೆಯಿಂದ ಚೌಕಟ್ಟನ್ನು ಬಿಡಿಸಿ, ಹಿಂದುಮುಂದಾಗಿ ತಿರುಗಿಸಿ ಕೂರಿಸಿದ. ಒಡೆದ ಹಲಗೆಗೆ ಹೊಸ ತುಂಡು ಹಾಕಿದ. ಒಳಗಿನ ಚಿಲಕ ಕಿತ್ತು ಹಾಕಿದ. ಕಿಟಕಿಯ ಎರಡು ಕದಗಳೂ ಹೊರಕ್ಕೆ ತೆರೆಯುವಂತಾದವು. ಚೀಲಗಳು ದನದ ಮನೆಯ ಅಟ್ಟ ಸೇರಿದವು.

ಮರುದಿನ ಇನ್ನೊಂದು ತಮಾಷೆ ಆಯಿತು. ಕಾಡವ್ವ ರೂಢಿಯಂತೆ ಬಾಗಿಲಿನ ಹೊರಗೆ ನೀರಿನ ಕೊಡ ಇಟ್ಟಿದ್ದಳು. ಕರೆವ್ವ ಒಳಗಿನಿಂದ ಬಾಗಿಲು ತೆರೆದಳು. ಕೊಡ ಉರುಳಿ, ಪಡಸಾಲೆಯಲ್ಲಿ ಮಲಗಿದ್ದ ಅಪ್ಪನ ಹಾಸಿಗೆಯೆಲ್ಲ ತೊಯ್ದಿತು. “ನಿಮ್ಮ ಬಾಗಿಲಾ ನನಗ ಜಳಕಾ ಮಾಡಿಸ್ತ ನೋಡ” ಎಂದು ಬೀರಸಿದ್ದಪ್ಪ ಪಂಚೆ ಹಿಂಡಿದ. ಅಂದಿನಿಂದ ಕಾಡವ್ವ ಬಾಗಿಲು ತಿರುಗುವಷ್ಟು ಜಾಗಕ್ಕೆ ಪ್ರತಿದಿನ ರಂಗೋಲಿಯಿಂದ ಅರ್ಧಚಂದ್ರದ ಗೆರೆ ಎಳೆದಳು. ಆ ಗೆರೆಯೊಳಗೆ ಕೊಡವೂ ಇಲ್ಲ, ಚಪ್ಪಲಿಯೂ ಇಲ್ಲ.

ಬಾಗಿಲು ತಿರುಗಿಸಿದ ಎಂಟನೆಯ ದಿನ ಕರೆವ್ವ ಹೆತ್ತಳು, ಗಂಡು ಮಗು. ಹೆತ್ತ ಮೂರನೆಯ ದಿನ ಮುಂಜಾನೆ ತಾಯಿ ಹಿತ್ತಲಲ್ಲಿದ್ದಾಗ ಅವಳು ಒಬ್ಬಳೇ ಎದ್ದಳು. ಬಾಗಿಲವರೆಗೆ ಬಂದಳು. ತಲೆ ತಿರುಗಿ, ಚೌಕಟ್ಟಿಗೆ ಬಿಗಿಯಾಗಿ ಕೂತಿದ್ದ ಬಾಗಿಲಿಗೆ ಒರಗಿ ಕುಸಿದಳು. ಧಡ್ ಎಂಬ ಸದ್ದಿಗೆ ಕಾಡವ್ವ ಓಡಿ ಬಂದು ಬಾಗಿಲನ್ನು ಮೆಲ್ಲಗೆ ಜಗ್ಗಿದಳು. ಬಾಗಿಲು ತೆರೆಯಿತು. ಬಾಗಿಲಿನೊಡನೆ ಮಗಳೂ ಅವಳ ಮಡಿಲಿಗೆ ಬಂದಳು. ತೆರೆದ ಬಾಗಿಲಿನಿಂದ ಗಾಳಿ ಬೀಸಿತು. ಗುಟುಕು ನೀರು ಕುಡಿಸುವಷ್ಟರಲ್ಲಿ ಕರೆವ್ವ ಕಣ್ಣು ಬಿಟ್ಟು, “ಯವ್ವಾ, ಕೂಸ ಅಳಾಕತ್ತೈತಿ” ಎಂದಳು.

ಓದುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಗೂ ಮಗಳು ಬರುವವಳಿದ್ದಾಳೆ. ಅವಳು ಬರುವ ಮೊದಲು ಅವಳಿಗೆಂದು ಇಟ್ಟ ಕೋಣೆಯೊಳಗೆ ನೀವೇ ಹೋಗಿರಿ. ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತುಕೊಳ್ಳಿರಿ. ಹೊರಗಿನಿಂದ ಮೆಲ್ಲಗೆ ತೆರೆಯಲು ಒಬ್ಬರಿಗೆ ಹೇಳಿರಿ. ಬಾಗಿಲು ನಿಮ್ಮ ಬೆನ್ನಿಗೆ ಒತ್ತಿದರೆ ಅಲ್ಲಿಂದ ಎದ್ದು ನೇರವಾಗಿ ಬಡಿಗನ ಮನೆಗೆ ಹೋಗಿರಿ.