ನಾನು ಬಿಟ್ಟ ಪದ

ಕೊಲ್ಲಿ ದೇಶದ ಸೆಗಯಾ ಬಡಾವಣೆಯಲ್ಲಿರುವ ನನ್ನ ಟೈಪಿಂಗ್ ಅಂಗಡಿಗೆ ಉಮ್ಮ್ ತಾರಿಕ್ ಬಂದಳು. ಸುಡಾನಿನವಳು, ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಮಗ ಯುರೋಪಿನಲ್ಲಿ ಆಶ್ರಯ ಕೋರಿದ್ದಾನೆ. ಅಲ್ಲಿನ ಕಚೇರಿಯ ಇಂಗ್ಲಿಷ್ ಪತ್ರವನ್ನು ಕಳೆದ ವರ್ಷ ಅರಬ್ಬಿಗೆ ಮಾಡಿಕೊಟ್ಟವನು ನಾನೇ. ಆರು ತಿಂಗಳಲ್ಲಿ ತೀರ್ಮಾನ ಎಂದು ಬರೆದಿದ್ದೆ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಳು. ಆ ಗುರುತು ದಾಟಿ ಎಂಟು ತಿಂಗಳಾಗಿತ್ತು.

"ಸರಕಾರವೇ ಮಾತು ತಪ್ಪಿದರೆ ಹೇಗೆ?" ಎಂದು ಕೇಳಿದಳು.

ಪಕ್ಕದ ಮೇಜಿನ ಕ್ಷಮಾ ಹಳೆಯ ಪತ್ರ ತೆಗೆದು ಓದಿದಳು. "ಅಹ್ಮದಾಕ, ಇದ್ರಲ್ಲಿ 'ಸಾಮಾನ್ಯವಾಗಿ' ಆರು ತಿಂಗಳು ಅಂತ ಉಂಟಲ್ಲ! ನೀವದನ್ನು ಬಿಟ್ಟದ್ದು ಯಾಕೆ?"

"ಅದೊಂದು ಪದದಲ್ಲಿ ಎಂತ ಉಂಟು ಅಂತ ಎಣಿಸಿದ್ದು ಮಾರಾಯ್ತಿ."

ನಿಜ ಹೇಳಬೇಕೆಂದರೆ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ವೀಸಾ ಅರ್ಜಿ ತುಂಬುತ್ತಿದ್ದೇನೆ. ನಮ್ಮಂಥವರಿಗೆ ತಾರೀಕು ಎಂದರೆ ತಾರೀಕು. ಒಂದು ದಿನ ತಪ್ಪಿದರೂ ಬಿಡುವವರಿಲ್ಲ. ಕಚೇರಿಗೂ ಹಾಗೆಯೇ ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ಏನೆನ್ನಲಿ!

'ಸಾಮಾನ್ಯವಾಗಿ' ಎಂಬ ಪದ ಬಿಟ್ಟ ತಪ್ಪು ನನ್ನದೇ ಎಂದು ಉಮ್ಮ್ ತಾರಿಕ್‌ಗೆ ಹೇಳಿದೆ. ಅವಳು ಬೈಯಲಿಲ್ಲ. ಮೊಬೈಲು ತೆರೆದು, ಮಗ ನಿನ್ನೆ ಕಳಿಸಿದ ಹೊಸ ಪತ್ರವನ್ನು ನನ್ನ ಮುಂದಿಟ್ಟಳು. ಅರ್ಜಿ ತಿರಸ್ಕರಿಸಿದ್ದರು. ಮೇಲ್ಮನವಿಗೆ ಹದಿನಾಲ್ಕು ದಿನ ಕೊಟ್ಟಿದ್ದರು.

"ಈ ಸಲ ಆ ಪದವನ್ನು ಬಿಡಬೇಡ," ಎಂದಳು.

ಮೂರು ಸಲ ಓದಿದೆ. ಈ ಪತ್ರದಲ್ಲಿ ಹದಿನಾಲ್ಕು ದಿನದ ಪಕ್ಕದಲ್ಲಿ ಆ ಪದವೇ ಇರಲಿಲ್ಲ.