ಪೊರಕೆ ಪಕ್ಕ ನಿಂತವಳು

"ಲೇ, ಎಷ್ಟ್ ಸಲ ಬೊಗಳೋದೇ ನಿಂಗೆ? ಬಕೆಟ್ ಪಕ್ಕ ಅಲ್ಲ, ಪೊರಕೆ ಪಕ್ಕ! ಪೊರಕೆ ಆದ್ಮೇಲೆ ನೀನು, ನೀನಾದ್ಮೇಲೆ ಫಿನಾಯಿಲು. ಪ್ರತಿ ವರ್ಷ ಇದೇ ಗೋಳು ನಿಂದು, ಮುಂಡೇದೇ!"

ಸ್ಟೋರ್ ಕೀಪರ್ ಕೈಯಲ್ಲಿದ್ದ ಉದ್ದನೆಯ ಕೋಲಿನಿಂದ ಅವಳನ್ನು ಗಾಳಿಯಲ್ಲೇ ತಳ್ಳಿದ. ಕೋಲು ತಾಗಲಿಲ್ಲ. ತಾಗಿಸುವವನೂ ಅಲ್ಲ. ತಾಗಿದರೆ ಕೋಲು ತೊಳೆಯಬೇಕು, ತೊಳೆಯುವವಳೂ ಅವಳೇ ಆದ್ದರಿಂದ ಆ ಕೋಲು ಎಂದಿಗೂ ಶುದ್ಧವಾಗುವ ಹಾಗಿರಲಿಲ್ಲ.

ಕಾಲೇಜಿನಲ್ಲಿ ಅವಳನ್ನು ಫಿನಾಯಿಲಮ್ಮ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಕೆಲಸಕ್ಕೆ ಬಂದ ಕಾಲಕ್ಕೆ ಗುಡಿಸುವವರ ಹುದ್ದೆಗೆ ಮೇಲಿನಿಂದ ಮಂಜೂರಾತಿ ಸಿಕ್ಕಿರಲಿಲ್ಲವಂತೆ. ಕಕ್ಕಸು ಮಂಜೂರಾತಿಗೆ ಕಾಯುತ್ತದೆಯೇ? ಆಗಿನ ಪ್ರಿನ್ಸಿಪಾಲರು ಭಾರಿ ಬುದ್ಧಿವಂತರು. ಶುಚಿ ಸಾಮಗ್ರಿ ಕೊಳ್ಳಲು ಬಂದ ದುಡ್ಡಿನಲ್ಲಿ ಪೊರಕೆ, ಬಕೆಟ್ಟು, ಫಿನಾಯಿಲಿನ ಜೊತೆ ಇವಳನ್ನೂ ಕೊಂಡುಬಿಟ್ಟರು. ಅಂದಿನಿಂದ ಫಿನಾಯಿಲಮ್ಮ ಕಾಲೇಜಿನ ಸಾಮಾನು. ಸಾಮಾನು ಅಂದ ಮೇಲೆ ವರ್ಷಕ್ಕೊಮ್ಮೆ ಎಣಿಕೆ ಇರಲೇಬೇಕಲ್ಲ. ಎಣಿಕೆಯ ದಿನ ಬೆನ್ನ ಮೇಲೆ ಬಿಳಿ ಬಣ್ಣದ ನಂಬರಿರುವ ನೀಲಿ ಕೋಟು ಹಾಕಿಕೊಂಡು, ಸ್ಟೋರ್ ರೂಮಿನಲ್ಲಿ ತನ್ನ ಜಾಗದಲ್ಲಿ ಅಲ್ಲಾಡದೆ ನಿಲ್ಲಬೇಕು.

ಫಿನಾಯಿಲಿನ ಆಚೆ ಪಕ್ಕ ನಾದಿನಿ ನಿಂತಿದ್ದಳು. ಅವಳದ್ದು ಚರಂಡಿ ಕೆಲಸ. ಅವಳನ್ನು ಆಮೇಲೆ ಟೆಂಡರ್ ಕರೆದು ಕೊಂಡಿದ್ದರು. "ನಾನು ಟೆಂಡರ್ ಮಾಲು ಅತ್ತಿಗೆ, ನಿನ್ನಂಗೆ ಚಿಲ್ಲರೆ ಖರೀದಿ ಅಲ್ಲ" ಎಂದು ಆಗಾಗ ಕೆಣಕುವಳು. ಅವರ ಮನೆಯ ಒಲೆ ಉರಿಯುತ್ತಿದ್ದುದು ಈ ಇಬ್ಬರು ಹೆಂಗಸರ ರಟ್ಟೆಯಿಂದ. ಈಗ ಅದರಲ್ಲಿ ಫಿನಾಯಿಲಮ್ಮನ ಬಲಗೈ ಬಟ್ಟೆ ಸುತ್ತಿಕೊಂಡು ಎದೆಗೆ ಒತ್ತಿಕೊಂಡಿತ್ತು.

ಎಣಿಸಲು ಬಂದ ಆಫೀಸರು ಮೂಗಿಗೆ ಕರ್ಚೀಫು ಹಿಡಿದು ಒಳಗೆ ಬಂದರು. ಪೊರಕೆ ಎಣಿಸಿದರು. ಅವಳನ್ನು ಎಣಿಸಿದರು. ಆಮೇಲೆ ನಿಂತು ಮತ್ತೊಮ್ಮೆ ನೋಡಿದರು.

"ಏನ್ರೀ ಇದು, ಡ್ಯಾಮೇಜಾ?"

"ಸ್ವಲ್ಪ ಸರ್. ಆಸಿಡ್ ಬಿತ್ತು. ಉಳಿದಿದ್ದೆಲ್ಲಾ ಸರಿಯಾಗಿದೆ" ಎಂದ ಸ್ಟೋರ್ ಕೀಪರ್.

"ಗ್ಲೌಸ್ ಕೊಟ್ಟಿರಲಿಲ್ವಾ?"

"ಅಯ್ಯೋ, ಇದೆ ಸರ್! ನೋಡಿ, ಪ್ಯಾಕೆಟ್ಟೇ ಒಡೆದಿಲ್ಲ!"

ಅವನು ಮೇಲಿನ ಹಲಗೆಯಿಂದ ಗ್ಲೌಸಿನ ಪ್ಯಾಕೆಟ್ಟು ಇಳಿಸಿ, ಮೇಲಿನ ಧೂಳು ಊದಿ, ಎಳೆಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಫಿನಾಯಿಲಮ್ಮ ಆ ಪ್ಯಾಕೆಟ್ಟಿಗಾಗಿ ಕೇಳಿ ಕೇಳಿ ಸೋತಿದ್ದಳು. ಕೇಳಿದಾಗಲೆಲ್ಲ ಒಂದೇ ಉತ್ತರ: ಬಳಸಿದರೆ ಸವೆಯುತ್ತದೆ, ಸವೆದರೆ ಲೆಕ್ಕ ತಪ್ಪುತ್ತದೆ.

"ಭೇಷ್" ಎಂದರು ಆಫೀಸರು. "ಹೀಗಿರ್ಬೇಕು ಸ್ಟಾಕು."

ಅವರು ಹೋದ ಮೇಲೆ ನಾದಿನಿ ಉಗುಳಿದಳು. "ಥೂ, ಇವರ ಹೆಣ ಎತ್ತ. ಅತ್ತಿಗೆ, ಕೈ ಕೀವಾಗ್ತಿದೆ. ಆಫೀಸಿಗೆ ಹೋಗಿ ಕೇಳು. ಬೋರ್ಡಲ್ಲಿ ಹಾಕವ್ರಲ್ಲ."

ಹಾಕಿದ್ದು ನಿಜ. ನೋಟಿಸ್ ಬೋರ್ಡಿನ ಗಾಜು ಒರೆಸುವವಳೂ ಫಿನಾಯಿಲಮ್ಮನೇ. ಮೂರನೇ ಕ್ಲಾಸಿನ ಓದನ್ನು ಕೂಡಿಸಿ ಕೂಡಿಸಿ ಅವಳು ಓದಿದ್ದಳು: ಕೆಲಸದ ವೇಳೆ ಗಾಯಗೊಂಡ ಎಲ್ಲ ನೌಕರರಿಗೆ ಆಸ್ಪತ್ರೆ ಖರ್ಚು ಮತ್ತು ಸಂಬಳ ಸಹಿತ ರಜೆ. ಎಲ್ಲ ಎಂಬ ಪದದ ಕೆಳಗೆ ಗೆರೆ ಕೂಡ ಎಳೆದಿದ್ದರು. ಆ ಗೆರೆ ನೋಡಿಯೇ ಅವಳಿಗೆ ಧೈರ್ಯ ಬಂದದ್ದು.

ಹೆಡ್ ಕ್ಲಾರ್ಕು ಕೆಟ್ಟವನಲ್ಲ, ಅವನೇ ಹಾಗೆ ಹೇಳಿಕೊಳ್ಳುತ್ತಿದ್ದ. ಅವಳು ಬಾಗಿಲ ಹೊಸ್ತಿಲಾಚೆ ನಿಂತಳು. ಅವನು ಚಹಾ ಹೀರುತ್ತ ಕೇಳಿಸಿಕೊಂಡ.

"ರಜೆನಾ? ನೀನೇ ಹೇಳಮ್ಮ, ಪೊರಕೆ ರಜಾ ಕೇಳುತ್ತಾ? ಬಕೆಟ್ಟಿಗೆ ಆಸ್ಪತ್ರೆ ಖರ್ಚು ಕೊಟ್ರೆ ಆಡಿಟ್‌ನೋರು ನನ್ನ ಚರ್ಮ ಸುಲೀತಾರೆ."

"ಸಾರ್, ಎಲ್ಲ ನೌಕರರಿಗೆ ಅಂತ ಗೆರೆ ಎಳ್ದವ್ರಲ್ಲ..."

"ನೌಕರರಿಗೆ ಕಣಮ್ಮ. ನೀನು ಸಾಮಗ್ರಿ. ಹಂಗಂತ ನಿನ್ನ ಕೈ ಬಿಡೋಕಾಗುತ್ತಾ? ಸಾಮಗ್ರಿಗೂ ರೂಲ್ಸ್ ಇದೆ. ರಿಪೇರಿ! ಆದ್ರೆ ಕೈ ಕೆಟ್ಟಿದೆ ಅನ್ನೋಕೆ ಪ್ರೂಫ್ ಬೇಕು."

ಅವಳು ಬಟ್ಟೆ ಬಿಚ್ಚಿದಳು. ಕೆಂಪು ಮಾಂಸ, ಅಂಚಿನಲ್ಲಿ ಹಳದಿ ಕೀವು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?"

"ಕನ್ನಡಿ ಬೇಡ, ಕೊಟೇಶನ್ ಬೇಕು" ಎಂದ ಹೆಡ್ ಕ್ಲಾರ್ಕು, ಮುಖ ತಿರುಗಿಸಿಕೊಂಡು. "ಮೂರು ಕಡೆಯಿಂದ. ಯಾರು ಕಮ್ಮಿಗೆ ರಿಪೇರಿ ಮಾಡ್ತಾರೋ ಅವರಿಗೆ ಕೊಡೋಣ." ಒಂದು ಚೀಟಿ ಬರೆದು ನೆಲಕ್ಕೆ ಹಾಕಿ, ಅಳತೆಪಟ್ಟಿಯಿಂದ ಅವಳ ಕಡೆ ಸರಿಸಿದ.

ಫಿನಾಯಿಲಮ್ಮ ನಾದಿನಿಯನ್ನು ಕಟ್ಟಿಕೊಂಡು ಊರೆಲ್ಲ ತಿರುಗಿದಳು. ಮೊದಲನೆಯ ಡಾಕ್ಟರು ಚೀಟಿ ಓದಿ ಬಿದ್ದು ಬಿದ್ದು ನಕ್ಕರು. ಎರಡನೆಯವರು ತಮಾಷೆ ಮಾಡಲು ಬಂದಿದ್ದೀರಾ ಎಂದು ಬೈದು ಅಟ್ಟಿದರು. ಮೂರನೆಯವಳು ಚಿಕ್ಕ ವಯಸ್ಸಿನ ಡಾಕ್ಟರು, ಮಾತಾಡದೆ ಗಾಯ ತೊಳೆದಳು, ಔಷಧಿ ಹಚ್ಚಿದಳು. "ತೊಡೆಯ ಚರ್ಮ ತೆಗೆದು ಕೂರಿಸ್ಬೇಕಮ್ಮ. ತಡ ಮಾಡಿದ್ರೆ ಬೆರಳು ಮಡಚೋಕಾಗಲ್ಲ" ಎಂದು ಖರ್ಚು ಬರೆದುಕೊಟ್ಟಳು. ಅವಳು ಕೈ ಹಿಡಿದುಕೊಂಡಿದ್ದಷ್ಟು ಹೊತ್ತೂ ಫಿನಾಯಿಲಮ್ಮನಿಗೆ ಏನೋ ತಪ್ಪು ಮಾಡುತ್ತಿರುವ ಹಾಗೆ ಅನ್ನಿಸುತ್ತಿತ್ತು. ಬೇರೆಯವರು ತನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ, ನೆನಪಿಗೇ ಬರಲಿಲ್ಲ.

ಹೆಡ್ ಕ್ಲಾರ್ಕು ಖರ್ಚು ನೋಡಿ ನಾಲಿಗೆ ಕಚ್ಚಿಕೊಂಡ. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಮ್ಮ! ನಿನ್ನ ರಿಪೇರಿ ದುಡ್ಡಲ್ಲಿ ಹೊಸಬಳು ಬರ್ತಾಳೆ. ರಿಪೇರಿ ಜಾಸ್ತಿ ಆದ್ರೆ ಗುಜರಿ, ಅದೇ ರೂಲು. ನಾನೇನ್ ಮಾಡ್ಲಿ?"

ಮರುದಿನ ಸ್ಟೋರ್ ಕೀಪರ್ ಅದೇ ಕೋಲಿನ ತುದಿಗೆ ಬ್ರಷ್ಷು ಕಟ್ಟಿಕೊಂಡು ಬಂದ. "ಆ ಕೋಟು ಹಾಕ್ಕೊಂಡು ತಿರುಗೇ" ಎಂದ. ಕೋಟಿನ ಬೆನ್ನ ಮೇಲಿನ ಬಿಳಿ ನಂಬರಿನ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡ ಗೀಟು, ಉದ್ದ ಗೀಟು ಎಳೆದ. ಮುರಿದ ಬೆಂಚುಗಳಿಗೂ ಅವತ್ತು ಅದೇ ಗುರುತು ಬಿತ್ತು.

"ಹಿಂದಿನ ಶೆಡ್ಡಿಗೆ ಹೋಗಿ ಕೂತ್ಕೋ. ಹರಾಜಾಗೋವರೆಗೂ ಅಲ್ಲೇ."

"ಹರಾಜಲ್ಲಿ ನನ್ನ ಯಾರು ತಗೊಳ್ತಾರೆ ಸಾರ್?"

"ಗುಜರಿಯೋನು. ಇಲ್ಲಾಂದ್ರೆ ನಾಯಿ. ನಂಗೇನೇ ಗೊತ್ತು, ಬಾಯ್ಮುಚ್ಕೊಂಡು ನಡಿ!"

ಫಿನಾಯಿಲಮ್ಮ ಶೆಡ್ಡಿನಲ್ಲಿ ಕಾಲು ಮುರಿದ ಕುರ್ಚಿಯೊಂದಕ್ಕೆ ಒರಗಿ ಕೂತಳು. ಕೈ ಸಿಡಿಯುತ್ತಿತ್ತು. ಅಳು ಬಂತು, ಅತ್ತಳು. ಕೆಲಸವೂ ಹೋಯಿತು, ಕೈಯೂ ಹೋಗುತ್ತದೆ. ಅತ್ತು ಮುಗಿದ ಮೇಲೆ ಸುತ್ತ ನೋಡಿದಳು. ಬೆಂಚು, ಬೀರು, ಮೇಜು. ವರ್ಷಗಟ್ಟಲೆ ಇಲ್ಲೇ ಬಿದ್ದಿವೆ, ಇಟ್ಟ ಕಡೆ ಇವೆ. ಯಾರ ಬೈಗುಳಕ್ಕೂ ಜಗ್ಗಿಲ್ಲ. ಇಷ್ಟು ವರ್ಷ ಸಾಮಾನಾಗಿದ್ದೂ ನನಗೆ ಸಾಮಾನಿನ ಗುಣ ಒಂದೂ ಬರಲಿಲ್ಲವಲ್ಲ ಅಂದುಕೊಂಡಳು. ಕಣ್ಣೊರೆಸಿಕೊಂಡು ಎದ್ದಳು.

ಅವತ್ತು ಕಾಲೇಜಿನ ದೊಡ್ಡ ಹಾಲಿನಲ್ಲಿ ನೌಕರರ ಕ್ಷೇಮ ದಿನ. ಹೊಸ ಸೌಲಭ್ಯಗಳ ಪುಸ್ತಕ ಬಿಡುಗಡೆ. ಮೇಲಿನ ಅಧಿಕಾರಿಗಳನ್ನು ಕರೆದುಕೊಂಡು ಪ್ರಿನ್ಸಿಪಾಲರು ಹಲ್ಲು ಕಿರಿಯುತ್ತ ಬಂದರೆ, ಹಾಲಿನ ಬಾಗಿಲ ನಟ್ಟನಡುವೆ ಕೆಂಪು ಗುರುತಿನ ನೀಲಿ ಕೋಟು ಕೂತಿತ್ತು. ಆ ಹಾಲಿಗೆ ಇದ್ದದ್ದು ಅದೊಂದೇ ಬಾಗಿಲು.

"ಏಯ್! ಏಳೇ ಮೇಲೆ!" ಎಂದು ಪ್ರಿನ್ಸಿಪಾಲರು ಗದರಿದರು.

"ಸಾಮಾನು ಎಲ್ಲಾದ್ರೂ ತಾನಾಗೇ ಏಳುತ್ತಾ ಸಾರ್? ಎತ್ತಿ ಆಚೆಗಿಡ್ರಿ."

ಪ್ರಿನ್ಸಿಪಾಲರು ಹೆಡ್ ಕ್ಲಾರ್ಕನ್ನು ನೋಡಿದರು. ಹೆಡ್ ಕ್ಲಾರ್ಕು ಸ್ಟೋರ್ ಕೀಪರನ್ನು ನೋಡಿದ. ಸ್ಟೋರ್ ಕೀಪರ್ ತನ್ನ ಕೋಲನ್ನು ನೋಡಿಕೊಂಡ.

"ಎತ್ರಯ್ಯಾ!"

"ಸರ್, ಅದು... ಬೆಳಿಗ್ಗೆ ತಾನೇ ತಲೆಗೆ ಸ್ನಾನ..." ಎಂದು ಹೆಡ್ ಕ್ಲಾರ್ಕು ತೊದಲಿದ.

"ದಾಟ್ಕೊಂಡು ಹೋಗೋಣ್ವಾ?" ಎಂದರು ಒಬ್ಬ ಅಧಿಕಾರಿ. ಫಿನಾಯಿಲಮ್ಮ ಕಾಲು ಚಾಚಿ ಇನ್ನಷ್ಟು ಅಗಲವಾದಳು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು.

ನಾದಿನಿಯನ್ನು ಕರೆಸಿದರು. "ಎಳ್ಕೊಂಡು ಹೋಗೇ ಇವಳನ್ನ!" ಎಂದು ಪ್ರಿನ್ಸಿಪಾಲರು ಕಿರುಚಿದರು. ನಾದಿನಿ ಅತ್ತಿಗೆಯ ಮುಖ ನೋಡಿದಳು. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಬಾಗಿಲಲ್ಲಿ ಉಳಿದಿದ್ದ ಜಾಗದಲ್ಲಿ ಗಟ್ಟಿಯಾಗಿ ಕೂತಳು.

"ನಾನೂ ಅದೇ ರೂಮಿನ ಸಾಮಾನು ಸಾರ್. ಟೆಂಡರ್ ಮಾಲು. ಸ್ವಲ್ಪ ಭಾರ ಜಾಸ್ತಿ, ನಾಲ್ಕು ಜನ ಬೇಕಾಗ್ತೀರಿ."

"ಗ್ಲೌಸ್!" ಎಂದು ಹೆಡ್ ಕ್ಲಾರ್ಕಿಗೆ ಥಟ್ಟನೆ ಹೊಳೆಯಿತು. "ಸ್ಟೋರಲ್ಲಿ ಗ್ಲೌಸ್ ಇದೆ ಸರ್! ಹಾಕ್ಕೊಂಡು ಎತ್ತಬಹುದು!"

ಸ್ಟೋರ್ ಕೀಪರ್ ಪ್ಯಾಕೆಟ್ಟು ತಂದ. ತಂದು ಎದೆಗೆ ಅಪ್ಪಿಕೊಂಡ. "ಒಡೀಬೇಡಿ ಸರ್, ಕಾಲಿಗೆ ಬೀಳ್ತೀನಿ, ಲೆಕ್ಕ ತಪ್ಪುತ್ತೆ!" ಪ್ರಿನ್ಸಿಪಾಲರು ಅದನ್ನು ಕಿತ್ತುಕೊಂಡು ಹಲ್ಲಿನಿಂದ ಹರಿದರು. ಕೈ ತೂರಿಸಿದರು. ವರ್ಷಗಟ್ಟಲೆ ಹಲಗೆಯ ಮೇಲೆ ಬೆಂದ ರಬ್ಬರು ಬೆರಳಿಗೆ ಬೆರಳಿಗೆ ಪುಡಿಪುಡಿಯಾಗಿ ಉದುರಿತು. ಇನ್ನೊಂದು ಜೊತೆ ತೆಗೆದರು. ಅದೂ ಉದುರಿತು. ಐದೂ ಬೆರಳು ಬರಿದಾಗಿ ಹೊರಗೆ ಬಂದವು.

ಫಿನಾಯಿಲಮ್ಮ ಹಲ್ಲಿನಿಂದ ಗಂಟು ಎಳೆದು ಬಟ್ಟೆ ಬಿಚ್ಚಿದಳು. ಆ ಕೈಯನ್ನು ಪ್ರಿನ್ಸಿಪಾಲರ ಮುಂದೆ ಚಾಚಿದಳು.

"ಹೋಗ್ಲಿ ಸಾರ್, ಎತ್ತಬೇಡಿ. ಈ ಕೈ ಒಂದ್ಸಲ ಹಿಡ್ಕೊಳ್ಳಿ. ನಾನೇ ಎದ್ದೋಗ್ತೀನಿ."

ಪ್ರಿನ್ಸಿಪಾಲರು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಾಲಿನ ಒಳಗೆ ಏನೂ ತಿಳಿಯದ ನಿರೂಪಕಿ ಮೈಕಿನಲ್ಲಿ ಸ್ವಾಗತ ಭಾಷಣ ಶುರುಮಾಡಿಬಿಟ್ಟಿದ್ದಳು. ಬಾಗಿಲಲ್ಲಿ ಸ್ಟೋರ್ ಕೀಪರ್ ಮಂಡಿಯೂರಿ, ಫಿನಾಯಿಲಮ್ಮನ ಬೆರಳಿಂದ ನೆಲಕ್ಕೆ ಬೀಳುತ್ತಿದ್ದ ಕೀವಿನ ಹನಿಗಳನ್ನು ತಪ್ಪಿಸಿಕೊಳ್ಳುತ್ತ, ಗ್ಲೌಸಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಎಣಿಸುತ್ತಿದ್ದ. ಕೈ ಇನ್ನೂ ಚಾಚಿಯೇ ಇತ್ತು.