ಕಚೇರಿ ಸುಟ್ಟವರ ಮೊಮ್ಮಗಳು

ನಮ್ಮೂರ ಸರ್ಕಾರಿ ಕಚೇರಿಯ ಬಾಗಿಲ ಮೇಲಿನ ಕಲ್ಲುತೊಲೆ ಇಂದಿಗೂ ಕಪ್ಪಗಿದೆ. ಪರದೇಶದವರ ಆಳ್ವಿಕೆಯಲ್ಲಿ ಆ ಕಚೇರಿಗೆ ಬೆಂಕಿ ಇಟ್ಟವರು ನನ್ನ ಮಾವ ಗುರುಬಸಯ್ಯನವರು. ರಾಜ್ಯ ನಮ್ಮದಾದ ಮೇಲೆ ಕಟ್ಟಡವನ್ನು ದುರಸ್ತಿ ಮಾಡಿದರು. ಮಸಿ ಹಿಡಿದ ತೊಲೆಯನ್ನು ಮಾತ್ರ ಹಾಗೆಯೇ ಬಿಟ್ಟರು. ಪ್ರತಿವರ್ಷ ಸ್ವಾತಂತ್ರ್ಯದ ದಿನ ಅದಕ್ಕೊಂದು ಹೂಮಾಲೆ. ಅದರೆದುರು ಧ್ವಜ ಹಾರಿಸುವ ಗೌರವ ಸುಟ್ಟವರಿಗೇ. ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನು ಕೇಳಿ ನನಗೆ ನಗು ತಡೆಯಲಾಗಿರಲಿಲ್ಲ.

ಆ ನಗು ಅಡಗಿದ್ದು ನನ್ನ ಮಗಳು ನೀಲಾ ಕಾಲೇಜು ಸೇರಿದ ಮೇಲೆ. ಆ ವರ್ಷ ಕಚೇರಿಯವರು ಊರಿನ ಕೆರೆಯನ್ನು ಯಾವುದೋ ಕಾರ್ಖಾನೆಗೆ ಕೊಟ್ಟುಬಿಟ್ಟಿದ್ದರು. ಕೇಳಲು ಹೋದ ಹುಡುಗ ಹುಡುಗಿಯರನ್ನು ಕಚೇರಿಯ ಮೆಟ್ಟಿಲಿನಿಂದಲೇ ಪೊಲೀಸರು ಲಾಠಿ ಬೀಸಿ ಅಟ್ಟಿದರು. ನೀಲಾ ಮೊಣಕೈ ಬಾತುಕೊಂಡು ಮನೆಗೆ ಬಂದಳು. ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಅಡುಗೆಮನೆಯ ಚಿಮಣಿ ಎಣ್ಣೆಯ ಡಬ್ಬಿ ಅವಳ ಚೀಲದಲ್ಲಿ ಸಿಕ್ಕಿತು. ಅವಳನ್ನು ದರದರ ಎಳೆದುಕೊಂಡು ಹೋಗಿ ಅಜ್ಜನ ಮುಂದೆ ನಿಲ್ಲಿಸಿದೆ.

"ನೀವ ಹೇಳ್ರಿ ಇಕಿಗೆ. ನಾಳೆ ಕಚೇರಿ ಸುಡತಾಳಂತ."

ನೀಲಾ ಹೆದರಲಿಲ್ಲ. "ಅಜ್ಜಾ, ನೀ ಸುಟ್ಟಿದ್ದಕ್ಕ ಆ ತೊಲಿಗೆ ಮಾಲಿ ಹಾಕತಾರ. ನಾವು ಸುಟ್ಟರ ಪುಂಡರು ಅಂತಾರ. ಏನ ಫರಕು?"

"ಆಗ ಅದು ಪರದೇಶದವರದಿತ್ತವ್ವಾ. ಈಗ ನಮ್ಮದೈತಿ."

"ನಮ್ಮದಾಗಿದ್ದರ ನಮ್ಮನ್ನ ಒಳಗ ಯಾಕ ಬಿಡವಲ್ರು?"

ಮಾವ, "ನಾವು ಗೆದ್ದಿವಿ, ಅದಕ್ಕ ಮಾಲಿ ಬಂತು" ಎಂದರು. "ಬೆಂಕಿ ಇಟ್ಟಾಗ ಒಳಗಿದ್ದ ಸಿಪಾಯಿ ಕಿಟಕಿಯಿಂದ ಜಿಗಿದು ಕಾಲು ಮುರಕೊಂಡ. ಅವನೂ ಈ ಊರಾವನ ಇದ್ದ."

"ಹಂಗಾರ ಸುಟ್ಟದ್ದು ತಪ್ಪಂತೀಯೇನು?"

"ತಪ್ಪು ಅನ್ನಾಕ ಬಾಯಿ ಬರವಲ್ದು. ಸರಿ ಅನ್ನಾಕೂ ಬರವಲ್ದು."

ನನಗೆ ರೇಗಿಹೋಯಿತು. ಮಗಳನ್ನು ಗದರಿಸಿ ಎಂದರೆ ಈ ಹಿರಿಯರು ತಾವೇ ಗೊಂದಲಕ್ಕೆ ಬಿದ್ದಿದ್ದರು. ಡಬ್ಬಿ ಕಿತ್ತುಕೊಂಡು ಬಚ್ಚಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಡಬ್ಬಿಯೂ ಇಲ್ಲ, ಮಗಳೂ ಇಲ್ಲ.

ಧ್ವಜ ಹಾರಿಸಲು ಹೊರಟ ಮಾವನವರ ಹಿಂದೆಯೇ ನಾನೂ ಧಾವಿಸಿದೆ. ಕಚೇರಿಯ ಅಂಗಳದಲ್ಲಿ ಬಂದೂಕು ಹಿಡಿದ ಪೊಲೀಸರಿದ್ದರು. ಕಪ್ಪು ತೊಲೆಗೆ ಮಾಲೆ ಬಿದ್ದಿತ್ತು, ಅದರ ಕೆಳಗಿನ ಬಾಗಿಲಿಗೆ ಬೀಗ. ಬೇಲಿಯಾಚೆ ಗೆಳೆಯರ ಮುಂದೆ ನೀಲಾ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಗುಂಡು ಹಾರಿದರೆ ಮೊದಲು ತಗಲುವುದು ಅವಳಿಗೇ. ಬೇರೇನೂ ನನಗೆ ಕಾಣುತ್ತಿರಲಿಲ್ಲ.

ಕಚೇರಿಯ ಸಾಹೇಬರು ಮಾವನವರ ಕೈಗೆ ಧ್ವಜದ ಹಗ್ಗ ಕೊಟ್ಟರು. ಎಲ್ಲರೂ ನೆಟ್ಟಗೆ ನಿಂತರು. ಮಾವ ಎಳೆಯಲಿಲ್ಲ.

"ಎಳೀರಿ ಅಜ್ಜಾರ."

"ಬಾಗಲಾ ತಗೀರಿ. ಆ ಹುಡುಗರನ್ನ ಒಳಗ ಕುಂಡ್ರಿಸಿ ಅವರ ಮಾತು ಕೇಳ್ರಿ. ಆಮ್ಯಾಲ ಎಳೀತೀನಿ."

"ಇದು ಧ್ವಜಕ್ಕ ಅವಮಾನ ಆಗತೈತ್ರಿ. ಕೇಸ್ ಆಗತೈತಿ."

"ಬರಕೊಳ್ರಿ. ನನ್ನ ಹೆಸರು ನಿಮ್ಮ ಕಚೇರಿಗೆ ಹೊಸದಲ್ಲ."

ಅವರ ಕೈಯಿಂದ ಹಗ್ಗ ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಬಿಸಿಲೇರಿತು. ಅವರು ಕಂಬಕ್ಕೆ ಒರಗಿದರು, ಹಗ್ಗ ಮಾತ್ರ ಬಿಡಲಿಲ್ಲ. ಆಗ ನೀಲಾ ಬೇಲಿ ದಾಟಿ ಬಂದಳು. ಪೊಲೀಸರು ಬಂದೂಕು ಎತ್ತಿದರು. ಸಾಹೇಬರು ಕೈಸನ್ನೆ ಮಾಡಿ ತಡೆದರು. ಅವಳು ಚೀಲವನ್ನು ನನ್ನ ಕಾಲ ಬಳಿ ಇಟ್ಟು, ಅಜ್ಜನ ಕೈಯಿಂದ ಹಗ್ಗ ತೆಗೆದುಕೊಂಡಳು. ಮಾವ ಕಂಬದ ಕಟ್ಟೆಯ ಮೇಲೆ ಕುಸಿದು ಕೂತರು.

ಮೇಲೆ ಧ್ವಜ ಹೂವಿನ ಪಕಳೆಗಳನ್ನು ಒಳಗಿಟ್ಟುಕೊಂಡು ಮಡಚಿಕೊಂಡೇ ಇತ್ತು. ನೀಲಾ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಬೀಗದ ಕಡೆ ನೋಡುತ್ತ ನಿಂತಳು. ಎಳೆಯಲಿಲ್ಲ.